ಡೊರಿಂಡಮ್ಮನ ಮನೆ, ಡೊರಿಂಡಮ್ಮನ ಮರ

ನಮ್ಮ ಬಾರ್ಬಡೋಸಿನಲ್ಲಿ ಆಗ ಜನ ಮನೆ ಬದಲಾಯಿಸುತ್ತಿರಲಿಲ್ಲ. ಮನೆಯನ್ನೇ ಹೊತ್ತುಕೊಂಡು ಜಾಗ ಬದಲಾಯಿಸುತ್ತಿದ್ದರು. ಪೇಶೆನ್ಸ್ ಎಂಬ ಕಬ್ಬಿನ ತೋಟದ ಅಂಚಿಗಿದ್ದ ನಮ್ಮ ಹಳ್ಳಿಯಲ್ಲಂತೂ ಹಾಗೆ ಎದ್ದು ನಡೆಯದ ಮನೆಯೇ ಇರಲಿಲ್ಲ. ಪೈನ್ ಹಲಗೆಯ ಗೋಡೆ, ನಡುವೆ ಬಾಗಿಲು, ಆ ಕಡೆಗೊಂದು ಈ ಕಡೆಗೊಂದು ಕಿಟಕಿ, ಮೇಲೆ ಚೂಪು ಮಾಡು. ಅಡಿಪಾಯ ಎಂದು ಹೇಳಿಕೊಳ್ಳುವುದಕ್ಕೆ ಒಂದರ ಮೇಲೊಂದು ಸುಮ್ಮನೆ ಪೇರಿಸಿದ ಕಲ್ಲು, ಗಾರೆಯಿಲ್ಲ, ಮಣ್ಣಿಲ್ಲ. ಮನೆ ನಮ್ಮದು, ಅದರ ಕೆಳಗಿನ ನೆಲ ತೋಟದ್ದು. ತೋಟದ ದೊರೆ ಮುನಿಸಿಕೊಂಡು ಏಳು ಅಂದರೆ ಏಳಬೇಕು. ಗೋಡೆಗಳನ್ನು ಬಿಚ್ಚಿ, ಗಾಡಿಗೆ ಹೇರಿ, ಇನ್ನೊಂದು ಕಡೆ ಹೋಗಿ ಜೋಡಿಸಿಕೊಂಡರೆ ಸಂಜೆಗೆ ಅದೇ ಕಿಟಕಿಯಿಂದ ಬೇರೆ ಗುಡ್ಡ ಕಾಣುತ್ತಿತ್ತು.

ಮನೆ ಎಬ್ಬಿಸುವುದಕ್ಕೂ ಒಂದು ಶಾಸ್ತ್ರವಿತ್ತು. ಮೊದಲ ಬೆಣೆ ಬಡಿದು ತೆಗೆಯುವ ಮುಂಚೆ ಬಡಗಿ ಮೇಸ್ತ್ರಿ ಟೋಪಿ ತೆಗೆದು ಮನೆಯ ಯಜಮಾನಿಯ ಮುಂದೆ ನಿಲ್ಲಬೇಕು. "ಎಬ್ಬಿಸಲಾ ತಾಯಿ?" ಎಂದು ಕೇಳಬೇಕು. ಆಕೆ, "ಎಬ್ಬಿಸಪ್ಪ, ಅವರು ಹೇಳಿದ್ದಾರೆ" ಅನ್ನಬೇಕು. ಅವರು ಅಂದರೆ ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಗಾಳಿ ಯಾರದು, ಮಳೆ ಯಾರದು ಎಂದು ಯಾರಾದರೂ ಕೇಳುತ್ತಾರೆಯೇ? ಹೊರಗೆ ಹೋಗಲು ಮನಸ್ಸಿಲ್ಲದ ಹೆಂಗಸಿನ ಬಾಯಲ್ಲೇ ಹೋಗುತ್ತೇನೆ ಎನ್ನಿಸುವ ಈ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಹುಡುಕಿದನೋ, ನನಗಂತೂ ಅವನ ಮೇಲೆ ಇವತ್ತಿಗೂ ಸಿಟ್ಟಿದೆ.

ಡೊರಿಂಡಾ ಗಿಟೆನ್ಸ್ ಊರಿಗೆಲ್ಲ ಡೊರಿಂಡಮ್ಮ, ಓರಗೆಯವರಿಗೆ ಡೋರಿ. ಎತ್ತರದ ಆಳು, ಕಬ್ಬು ಕಡಿಯುವ ಹೆಂಗಸರ ಗುಂಪಿಗೆ ಮುಂದಾಳು. ಮಾತು ಕಡಿಮೆ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವಳಲ್ಲ. ಗಂಡ ಡಾರ್ನ್ಲಿ ಟ್ರಿನಿಡಾಡಿನ ಎಣ್ಣೆ ಬಾವಿಗಳಲ್ಲಿ ದುಡಿದು ತರುತ್ತೇನೆಂದು ಹಡಗು ಹತ್ತಿದವನು ಅಲ್ಲೇ ಇನ್ನೊಬ್ಬಳ ಒಲೆ ಮುಂದೆ ಕೂತುಬಿಟ್ಟ. ಯಾರಾದರೂ ಅವನ ಸುದ್ದಿ ಎತ್ತಿದರೆ, "ಹೋದ ಹೊಗೆಗೆ ಕಣ್ಣು ಉಜ್ಜಿಕೊಳ್ಳೋದು ಯಾಕೆ" ಎಂದು ಮಾತು ಮುಗಿಸುತ್ತಿದ್ದಳು. ಅವಳಿಗೆ ಉಳಿದದ್ದು ಮಗಳು ವೆಲ್ಮಾ, ಮತ್ತು ಅಜ್ಜನ ಕಾಲದ ಆ ಮನೆ.

ಅಜ್ಜ ಪನಾಮಾದ ಕಾಲುವೆ ತೋಡಲು ಹೋಗಿ ಬಂದವನು. ಬರುವಾಗ ಎರಡು ವಸ್ತು ತಂದ: ಸಾಯುವವರೆಗೂ ಬಿಡದ ಕೆಮ್ಮು, ಮತ್ತು ಮನೆಗೆ ಬೇಕಾದಷ್ಟು ಹಲಗೆ ಕೊಳ್ಳುವ ದುಡ್ಡು. ಆ ಮನೆ ಮೊದಲ ಸಲ ಎದ್ದಾಗ ಡೊರಿಂಡಮ್ಮ ಇನ್ನೂ ಎಳೆಯ ಮಗು. ಗಾಡಿಯ ಮೇಲೆ ಮಡಿಲಲ್ಲಿ ಕೋಳಿ ಇಟ್ಟುಕೊಂಡು ಕೂತಿದ್ದಳು. ಅವಳ ಅಪ್ಪ ಒಂದು ಸುಗ್ಗಿಯಲ್ಲಿ ಪಕ್ಕದ ತೋಟಕ್ಕೆ ಕಬ್ಬು ಕಡಿಯಲು ಹೋದನೆಂಬುದೇ ತಪ್ಪು. ಎರಡನೇ ಸಲ ಎದ್ದದ್ದು ಮೂವತ್ತೇಳರ ಹಸಿವಿನ ವರ್ಷ. ಪಟ್ಟಣದಲ್ಲಿ ಗಲಭೆ, ಹಳ್ಳಿಯಲ್ಲಿ ಖಾಲಿ ಮಡಕೆ. ಜನ ತೋಟದ ಗೆಣಸಿನ ಹೊಲಕ್ಕೆ ನುಗ್ಗಿ ಅಗೆದರು, ಅವರಲ್ಲಿ ಡೊರಿಂಡಮ್ಮನ ಅಣ್ಣನೂ ಇದ್ದ. ಆ ಸಲ ಅವಳು ಕಿಟಕಿಯೊಂದನ್ನು ತಲೆಯ ಮೇಲೆ ಹೊತ್ತು ನಡೆದಳು. ಅಜ್ಜಿ ಹೇಳಿದ ಮಾತನ್ನೇ ಅಮ್ಮನೂ ಹೇಳಿದ್ದನ್ನು ಆಗ ಕಿವಿಯಾರೆ ಕೇಳಿದಳು: ಎಬ್ಬಿಸಪ್ಪ, ಅವರು ಹೇಳಿದ್ದಾರೆ.

ಇಂಥ ಊರಲ್ಲಿ ಮರ ನೆಡುವವರು ಯಾರು? ಬೆಂಡೆ, ತೊಗರಿ, ಕುಂಬಳ, ಹೀಗೆ ನಾಲ್ಕು ತಿಂಗಳಲ್ಲಿ ಕೈಗೆ ಬಂದು ಬಾಯಿಗೆ ಹೋಗುವುದನ್ನು ಮಾತ್ರ ಬೆಳೆಯುತ್ತಿದ್ದೆವು. ಮರವಾದರೆ ವರ್ಷಗಟ್ಟಲೆ ಕಾಯಬೇಕು. ಗೋಡೆಯನ್ನು ಗಾಡಿಗೆ ಹೇರಬಹುದು, ಮರವನ್ನು ಹೇರಲಾಗದು. ಮರಗಳೆಲ್ಲ ಇದ್ದದ್ದು ದೊರೆಯ ದೊಡ್ಡ ಮನೆಯ ಸುತ್ತ, ಇಲ್ಲವೇ ಚರ್ಚಿನ ಅಂಗಳದಲ್ಲಿ.

ಅರವತ್ತಾರನೇ ಇಸವಿಯ ನವೆಂಬರ್ ಕೊನೆಯಲ್ಲಿ ನಮಗೆ ಸ್ವಾತಂತ್ರ್ಯ ಬಂತು. ಊರಿಗೆ ಊರೇ ಬಸ್ಸು ಹತ್ತಿ ಬಾವುಟ ನೋಡಲು ಹೋಯಿತು, ಮಳೆಯಲ್ಲಿ ನೆನೆಯಿತು, ಗಂಟಲು ಕೆಡಿಸಿಕೊಂಡು ಬಂತು. ಡೊರಿಂಡಮ್ಮ ಹೋಗಲಿಲ್ಲ. ವೆಲ್ಮಾಳಿಗೆ ಹೆರಿಗೆ ನೋವು ಹತ್ತಿತ್ತು. ಬೆಳಗಾಗುವ ಹೊತ್ತಿಗೆ ಒಂದು ಕಡೆ ಹೊಸ ದೇಶ, ಇನ್ನೊಂದು ಕಡೆ ಹೊಸ ಮೊಮ್ಮಗಳು. ಮಗುವಿಗೆ ಒರೀತಾ ಎಂದು ಹೆಸರಿಟ್ಟರು. ಬಂದವರಿಗೆಲ್ಲ ಡೊರಿಂಡಮ್ಮ ಕಾಂಕಿ ಕೊಟ್ಟಳು. ಮೆಕ್ಕೆಜೋಳದ ಹಿಟ್ಟು, ಕುಂಬಳ, ತೆಂಗಿನ ತುರಿ ಕಲಸಿ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬು ಅದು, ಆ ತಿಂಗಳ ತಿಂಡಿ.

"ಇನ್ನೇನು ಡೋರಿ, ದೇಶ ನಮ್ದು ಈಗ" ಎಂದ ಒಥ್ನೀಲ್ ಲ್ಯಾಶ್ಲೀ, ಎರಡನೇ ಕಾಂಕಿಯ ಎಲೆ ಬಿಚ್ಚುತ್ತ. ಇವನು ಊರಿನ ಬಡಗಿ ಮೇಸ್ತ್ರಿ. ಹಿಂದಿನ ಎರಡು ಸಲ ಡೊರಿಂಡಮ್ಮನ ಮನೆ ಎಬ್ಬಿಸಿದ್ದು ಇವನ ಅಪ್ಪ.

"ನಮ್ದು ಅಂದ್ರೆ ಎಲ್ಲಿವರೆಗೂ?"

"ಇದೊಳ್ಳೆ ಕೇಳ್ದೆ. ಸಮುದ್ರದಿಂದ ಸಮುದ್ರದವರೆಗೂ."

"ನನ್ನ ಹಿತ್ತಲೂ?"

"ಹಿತ್ತಲು ಬಿಟ್ಟು ದೇಶ ಇರುತ್ತಾ ಮಾರಾಯ್ತಿ!"

ಒಥ್ನೀಲ್ ತಮಾಷೆಗೆ ಅಂದದ್ದು. ಡೊರಿಂಡಮ್ಮ ತಮಾಷೆಗೆ ಕೇಳಿರಲಿಲ್ಲ. ಮಗುವಿನ ಹೊಕ್ಕುಳಬಳ್ಳಿ ಒಣಗಿ ಉದುರಿದಾಗ ಅದನ್ನು ಒಂದು ಗಿಡದ ಬುಡದಲ್ಲಿ ಹೂಳುವುದು ನಮ್ಮಲ್ಲಿ ರೂಢಿ. ಅಲ್ಲಿಗೆ ಆ ಮಗು ಆ ನೆಲದ್ದು ಎಂದು ಲೆಕ್ಕ. ನಮ್ಮ ಹಳ್ಳಿಯವರು ಚರ್ಚಿನ ಅಂಗಳದ ಯಾವುದಾದರೂ ಮರದ ಕೆಳಗೆ ಹೂಳುತ್ತಿದ್ದರು, ಅಥವಾ ಬೇಲಿಯ ಪಕ್ಕದ ಪೊದೆಗೆ. ಡೊರಿಂಡಮ್ಮ ಆ ಸಲ ಚರ್ಚಿಗೆ ಹೋದದ್ದು ನಿಜ, ಆದರೆ ಹೂಳಲಿಕ್ಕಲ್ಲ. ಅಲ್ಲಿನ ಜೀಗುಜ್ಜೆ, ಅಂದರೆ ದೀವಿಹಲಸಿನ ಮರದ ಬೇರಿನಿಂದ ಚಿಗುರಿದ್ದ ಒಂದು ಸಸಿಯನ್ನು ಪಾದ್ರಿಯನ್ನು ಕೇಳಿ ಕಿತ್ತು, ಹಂದಿ ಕೊಬ್ಬಿನ ಹಳೆ ಡಬ್ಬದಲ್ಲಿ ಇಟ್ಟುಕೊಂಡು ಬಂದಳು. ಹಿತ್ತಲಲ್ಲಿ ಗುಂಡಿ ತೋಡಿದಳು, ಹೊಕ್ಕುಳಬಳ್ಳಿ ಇಟ್ಟಳು, ಮೇಲೆ ಸಸಿ ನೆಟ್ಟಳು. ಐವತ್ತು ದಾಟಿದ ಹೆಂಗಸು ಹುಟ್ಟಿದ ಮೇಲೆ ಮೊದಲ ಬಾರಿ ಮರವೊಂದನ್ನು ನೆಟ್ಟದ್ದು. ಸಂಜೆಯೆಲ್ಲ ಅದನ್ನು ಸುತ್ತಿ ಸುತ್ತಿ ನೋಡಿದಳಂತೆ, ಮದುವೆ ಗಂಡನ್ನು ನೋಡುವ ಹಾಗೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ನಮಗೆ ಶಾಲೆಯಲ್ಲಿ ಕಲಿಸುತ್ತಿದ್ದ ಕಥೆ ಹೀಗಿತ್ತು. ಮೊದಲು ಪೋರ್ಚುಗೀಸರ ಹಡಗು ಬಂತು. ಇಳಿದವರು ಗಡ್ಡದಂತೆ ಬಿಳಲು ಬಿಟ್ಟ ಮರಗಳನ್ನು ಕಂಡು ದ್ವೀಪಕ್ಕೆ ಬಾರ್ಬಡೋಸ್, ಅಂದರೆ ಗಡ್ಡದವರು, ಎಂದು ಹೆಸರಿಟ್ಟು, ಒಂದಷ್ಟು ಹಂದಿ ಬಿಟ್ಟು ಹೊರಟುಹೋದರು. ಆಮೇಲೆ ಇಂಗ್ಲಿಷರು ಬಂದರು. ಒಂದು ಮರದ ತೊಗಟೆಯ ಮೇಲೆ ತಮ್ಮ ರಾಜನ ಹೆಸರು ಕೆತ್ತಿ, ಇನ್ನು ಇದು ಅವನದು ಎಂದರು. ಮುಂದಿನದೆಲ್ಲ ಆ ಕೆತ್ತನೆಯ ಮೇಲೇ ಬೆಳೆದದ್ದು: ಕಬ್ಬು ಬಂತು, ಕಬ್ಬಿಗಾಗಿ ನಮ್ಮ ಹಿರಿಯರನ್ನು ಆಫ್ರಿಕಾದಿಂದ ಕಟ್ಟಿ ತಂದರು, ಅವರ ಹೊಟ್ಟೆಗೆ ಅಗ್ಗದಲ್ಲಿ ಏನಾದರೂ ಹಾಕಬೇಕಲ್ಲ ಎಂದು ಈ ಜೀಗುಜ್ಜೆಯನ್ನು ಇನ್ನೊಂದು ಸಮುದ್ರದಿಂದ ಹಡಗಿನಲ್ಲಿ ತರಿಸಿದರು. ಸರಪಳಿ ಬಿಚ್ಚಿದ ದಿನ ನಮ್ಮವರು ತಲೆ ಎತ್ತಿ ನೋಡಿದರೆ ನಿಲ್ಲುವಷ್ಟು ನೆಲವೂ ಇನ್ನೊಬ್ಬರ ಹೆಸರಲ್ಲಿತ್ತು. ಹೊತ್ತು ನಡೆಯುವ ಮನೆ ಹುಟ್ಟಿದ್ದು ಹೀಗೆ.

ಹೊಸ ವರ್ಷ ಹುಟ್ಟಿ ಕಬ್ಬು ಕಡಿಯುವ ಕಾಲ ಹತ್ತಿರ ಬಂದಿತ್ತು. ತೋಟದ ಮ್ಯಾನೇಜರ್ ಫಾರ್ನಮ್ ದೊರೆ ಜೀಪಿನಲ್ಲಿ ಬಂದ. ಕೆಟ್ಟವನೇನಲ್ಲ, ಅವನ ಮನೆತನ ಏಳು ತಲೆಮಾರಿನಿಂದ ಇಲ್ಲೇ ಇದ್ದದ್ದು. ಇಂಗ್ಲೆಂಡಿನ ಮಣ್ಣು ಮೆಟ್ಟದಿದ್ದರೂ ಇಂಗ್ಲೆಂಡನ್ನು "ನಮ್ಮ ಮನೆ ಕಡೆ" ಅನ್ನುತ್ತಿದ್ದ. ಇಳಿದು ಬಂದು ಸಸಿಯ ಮುಂದೆ ನಿಂತ.

"ಡೊರಿಂಡಾ, ಇದೇನು?"

"ಜೀಗುಜ್ಜೆ ದೊರೆ."

"ಅದು ನಂಗೂ ಕಾಣುತ್ತೆ. ಯಾರ ನೆಲದಲ್ಲಿ?"

"ನೆಲ ನಿಮ್ದೇ. ಗಿಡ ಮೊಮ್ಮಗಳದ್ದು."

"ಇವತ್ತು ಗಿಡ ಅಂತೀಯ. ನಾಳೆ ಅದು ಮರ ಆಗುತ್ತೆ. ನಾಡಿದ್ದು ನಿನ್ನ ಮೊಮ್ಮಗಳು ಮರ ನಮ್ದು, ಬುಡದ ನೆಲಾನೂ ನಮ್ದು ಅಂತ ಕೋರ್ಟಿಗೆ ಹೋಗ್ತಾಳೆ. ಬಾವುಟ ಬದಲಾಗಿದೆ ಅಷ್ಟೆ ಡೊರಿಂಡಾ, ಬೇಲಿ ಬದಲಾಗಿಲ್ಲ. ಶನಿವಾರದೊಳಗೆ ಕಿತ್ತು ಹಾಕು."

"ಹಾಕದಿದ್ರೆ?"

ಫಾರ್ನಮ್‌ಗೆ ಇಂಥ ಪ್ರಶ್ನೆ ಕೇಳಿ ಅಭ್ಯಾಸವಿರಲಿಲ್ಲ. ಟೋಪಿ ತೆಗೆದು ಮತ್ತೆ ಇಟ್ಟುಕೊಂಡ.

"ರಸ್ತೆ ಪಕ್ಕ ಸುಣ್ಣಕಲ್ಲಿನ ಜಾಗ ಇದೆಯಲ್ಲ, ಅಲ್ಲಿಗೆ ಮನೆ ಎಬ್ಬಿಸು. ಅಲ್ಲಿ ಏನು ಬೇಕಾದ್ರೂ ನೆಟ್ಕೋ."

"ಅಲ್ಲಿ ಏನೂ ಬೆಳೆಯಲ್ಲ ದೊರೆ."

"ಅದಕ್ಕೇ ಹೇಳಿದ್ದು."

ಜೀಪು ಹೋದ ಮೇಲೆ ಡೊರಿಂಡಮ್ಮ ಸಸಿಯ ಪಕ್ಕ ಮಣೆ ಹಾಕಿಕೊಂಡು ಕೂತಳು. "ನೋಡೇ ವೆಲ್ಮಾ" ಎಂದಳು ಮಗಳಿಗೆ. "ಅವರ ಹಿರೀಕರು ಒಂದು ಮರದ ಮೇಲೆ ಹೆಸರು ಗೀಚಿ ಇಡೀ ದ್ವೀಪ ಜೇಬಿಗೆ ಹಾಕ್ಕೊಂಡ್ರು. ನಾನು ಹೆಸರೂ ಗೀಚಿಲ್ಲ. ಮೊಳದುದ್ದ ಗಿಡ ನೋಡಿ ಇವನಿಗೆ ಇಷ್ಟು ಹೆದರಿಕೆ."

ವೆಲ್ಮಾ ಬಾಣಂತಿ. ಅವಳಿಗೆ ಚರಿತ್ರೆ ಬೇಕಿರಲಿಲ್ಲ. ಬೆಚ್ಚಗೆ ಮಲಗಲು ಜಾಗ ಬೇಕಿತ್ತು. "ಕಿತ್ತು ಬಿಸಾಕಮ್ಮ! ಒಂದು ಗಿಡ ತಾನೆ? ಹಸುಗೂಸು ಕಟ್ಕೊಂಡು ಆ ರಸ್ತೆ ಧೂಳಲ್ಲಿ ಕೂತ್ಕೊಳ್ಲಾ? ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ."

"ಅದರ ಕೆಳಗೆ ನಿನ್ನ ಮಗಳ ಹೊಕ್ಕುಳಬಳ್ಳಿ ಇದೆ ಕಣೇ."

"ಗೊತ್ತು. ಮೇಲೆ ನನ್ನ ಮಗಳು ಇದಾಳೆ."

ಮಾತು ನ್ಯಾಯವಾದದ್ದೇ. ಡೊರಿಂಡಮ್ಮನಿಗೂ ಅದು ತಾಗಿತು. ಆ ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ. ಸಸಿ ಕಿತ್ತರೆ ಮನೆ ಉಳಿಯುತ್ತದೆ, ಯಾರಿಗೂ ತೊಂದರೆಯಿಲ್ಲ, ನಾಳೆಯಿಂದ ಎಲ್ಲ ಮೊದಲಿನ ಹಾಗೇ. ಮೊದಲಿನ ಹಾಗೇ ಎಂಬುದನ್ನೇ ಅವಳಿಂದ ಒಪ್ಪಲಾಗಲಿಲ್ಲ. ಶುಕ್ರವಾರ ಒಥ್ನೀಲ್‌ನ ಮರಗೆಲಸದ ಕೊಟ್ಟಿಗೆಗೆ ಹೋಗಿ, "ನಾಳೆ ಗಾಡಿ ತಗೊಂಡು ಬಾ" ಎಂದಳು.

ಒಥ್ನೀಲ್ ಉಳಿ ಕೆಳಗಿಟ್ಟ. "ಹುಚ್ಚಾ ನಿಂಗೆ? ನೆಗಡಿ ಆಯ್ತು ಅಂತ ಮೂಗು ಕೊಯ್ಕೋತಾರಾ? ಗಿಡಾನ ಡಬ್ಬಕ್ಕೆ ಹಾಕ್ಕೊಂಡು ಜೊತೇಲೇ ಒಯ್ಯಿ."

"ಒಯ್ದು? ಆ ಸುಣ್ಣದ ನೆಲದಲ್ಲಿ ಕಳೆಯೂ ಹುಟ್ಟಲ್ಲ. ಹೂತಿದ್ದನ್ನ ಕೆದಕಬಾರದು ಬೇರೆ."

"ನೀನು ಹೋದ ಮೇಲೆ ಫಾರ್ನಮ್ ಕಿತ್ತು ಹಾಕಲ್ವಾ? ಮನೆನೂ ಹೋಯ್ತು, ಮರಾನೂ ಹೋಯ್ತು."

"ಕೀಳಲ್ಲ."

"ಅದು ಹೇಗೆ ಅಷ್ಟು ಗಟ್ಟಿಯಾಗಿ ಹೇಳ್ತೀಯ?"

"ನಾನು ಅಲ್ಲಿರೋವರೆಗೂ ಅದು ನನ್ನ ಗಿಡ. ನಾನು ಎದ್ದ ಗಳಿಗೆಯಿಂದ ಅದು ಅವನ ಗಿಡ. ತಂದು ನೆಟ್ಟು ನೀರು ಹಾಕಿದ ಗಿಡ ಪುಕ್ಕಟೆ ಸಿಕ್ಕಿದ್ರೆ ಯಾರಾದ್ರೂ ಕೀಳ್ತಾರಾ? ಅವರು ಯಾವತ್ತಾದ್ರೂ ತಮ್ಮದು ಅಂದಿದ್ದನ್ನ ಬಿಸಾಕಿದ್ದು ನೋಡಿದ್ದೀಯಾ?"

ಒಥ್ನೀಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಡೊರಿಂಡಮ್ಮ ನಗಲಿಲ್ಲ. ಅವಳು ಹೇಳಿದ್ದು ಬರೀ ಅಂದಾಜು; ಅಂದಾಜಿನ ಮೇಲೆ ಮನೆಯನ್ನೇ ಪಣಕ್ಕಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ಊರೆಲ್ಲ ಸೇರಿತು. ಗಂಡಸರು ಹಗ್ಗ ಸನ್ನೆಕೋಲು ತಂದರು, ಹೆಂಗಸರು ಬೆಂಡೆಕಾಯಿ ಬೆರೆಸಿ ಜೋಳದ ಮುದ್ದೆ ತಿರುವಲು ದೊಡ್ಡ ಮಡಕೆ ಇಟ್ಟರು. ಒಥ್ನೀಲ್ ಟೋಪಿ ತೆಗೆದು ನಿಂತ. "ಎಬ್ಬಿಸಲಾ ತಾಯಿ?"

ಡೊರಿಂಡಮ್ಮ ಸಸಿಯ ಕಡೆ ಒಂದು ಸಲ ನೋಡಿದಳು. "ಎಬ್ಬಿಸಪ್ಪ" ಎಂದಳು. "ಅವರು ಹೇಳಿದ್ದಾರೆ." ಅಜ್ಜಿಯ ಬಾಯಲ್ಲಿ, ಅಮ್ಮನ ಬಾಯಲ್ಲಿ ಕೇಳಿದಾಗ ಆ ಮಾತು ಇಷ್ಟು ಸುಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವಮಾನದಿಂದ ಅವಳ ಕಿವಿಯೆಲ್ಲ ಬಿಸಿಯಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾಳೆ.

ಅಂದಾಜು ತಪ್ಪಲಿಲ್ಲ. ಖಾಲಿಯಾದ ಜಾಗದಲ್ಲಿ ಫಾರ್ನಮ್ ಹಸು ಕಟ್ಟಿಸಿದ. ಹಸು ಮೇಯಬಾರದೆಂದು ಸಸಿಯ ಸುತ್ತ ತನ್ನ ಖರ್ಚಿನಲ್ಲೇ ಮುಳ್ಳುಬೇಲಿಯನ್ನೂ ಹಾಕಿಸಿದ. ಸುದ್ದಿ ಕೇಳಿದ ಒಥ್ನೀಲ್ ರಮ್ ಅಂಗಡಿಯಲ್ಲಿ ಎಲ್ಲರಿಗೂ ಅದನ್ನು ನಟಿಸಿ ತೋರಿಸಿದ. ಡೊರಿಂಡಮ್ಮ ದಿನಾ ಕೆಲಸಕ್ಕೆ ಹೋಗುವಾಗ ಆ ದಾರಿಯಲ್ಲೇ ಹೋಗುತ್ತಿದ್ದಳು. ನಿಲ್ಲುತ್ತಿರಲಿಲ್ಲ, ನಡಿಗೆ ಮಾತ್ರ ನಿಧಾನವಾಗುತ್ತಿತ್ತು. ಸಸಿ ಅವಳ ಸೊಂಟಕ್ಕೆ ಬಂತು, ಹೆಗಲಿಗೆ ಬಂತು, ಅಗಲವಾದ ಎಲೆ ಬಿಟ್ಟು ನೆರಳು ಕೊಟ್ಟಿತು. ಒರೀತಾ ಶಾಲೆಗೆ ಸೇರುವ ಹೊತ್ತಿಗೆ ಮೊದಲ ಕಾಯಿಗಳು ದೊರೆಯ ಅಡುಗೆಮನೆಗೆ ಹೋದವು.

ಒಂದು ಮಧ್ಯಾಹ್ನ ಒರೀತಾ ಲಂಗದಲ್ಲಿ ಏನೋ ಮುಚ್ಚಿಕೊಂಡು ಬಂದಳು. "ಅಜ್ಜಿ, ನನ್ನ ಮರದ್ದು!"

ದುಂಡಗೆ ಬಲಿತ ಜೀಗುಜ್ಜೆ. ಕೆಂಡದಲ್ಲಿ ಸುಟ್ಟು, ಕರಿ ಸಿಪ್ಪೆ ಕೆರೆದು, ಬೆಣ್ಣೆ ಹಚ್ಚಿ ತಿಂದರೆ ಸ್ವರ್ಗ. ಡೊರಿಂಡಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿ ನೋಡಿ ತಿರುಗಿ ಕೊಟ್ಟಳು.

"ತಗೊಂಡ್ಹೋಗಿ ಇಟ್ಟು ಬಾ ಮಗಳೇ."

"ಯಾಕಜ್ಜಿ? ನನ್ನ ಮರ ಅಂತ ನೀನೇ ಹೇಳಿದ್ದಲ್ವಾ?"

"ಮರ ನಿಂದೇ. ನೆಲ ಇನ್ನೂ ನಿಂದಾಗಿಲ್ಲ. ಆದ ದಿನ ಇಬ್ರೂ ಕೂತು ತಿನ್ನೋಣ."

ಊರಿನವರು ಆಡಿಕೊಂಡರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದರು. ಕದ್ದು ತಿನ್ನುವುದರಲ್ಲಿ ತಪ್ಪೇನಿಲ್ಲ ಎಂದು ಬುದ್ಧಿ ಹೇಳಿದವರಲ್ಲಿ ಚರ್ಚಿನ ಹಿರಿಯರೂ ಇದ್ದರು. ಡೊರಿಂಡಮ್ಮ ಬೇರೆ ಎಲ್ಲ ಮರದ ಜೀಗುಜ್ಜೆ ತಿಂದಳು, ಅದರದ್ದು ಮಾತ್ರ ಮುಟ್ಟಲಿಲ್ಲ.

ಕಾಲ ಕಳೆಯಿತು. ಸಕ್ಕರೆಯ ಬೆಲೆ ಇಳಿದು, ಕಡಲಿನ ಆಚೆ ಕೂತಿದ್ದ ತೋಟದ ಒಡೆಯರು ಪೇಶೆನ್ಸನ್ನು ಮಾರಲು ನಿಂತರು. ಎದ್ದೇಳು ಎಂಬ ಮಾತು ಒಂದು ದಿನ ಫಾರ್ನಮ್ ದೊರೆಗೂ ಬಂತು. ಹವಳದ ಕಲ್ಲಿನ ದೊಡ್ಡ ಮನೆ, ಹೊತ್ತುಕೊಂಡು ಹೋಗುವ ಹಾಗಿಲ್ಲ. ಪೆಟ್ಟಿಗೆಗಳು ಮಾತ್ರ ಲಾರಿ ಹತ್ತಿದವು. ಏಳು ತಲೆಮಾರು ಇಲ್ಲೇ ಬಾಳಿದ ಮನೆತನದ ಮನುಷ್ಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಡೊರಿಂಡಮ್ಮ ಒಂದು ಹೂಜಿ ಮಾಬಿ ತಂದುಕೊಟ್ಟಳು. ತೊಗಟೆ ಕುದಿಸಿ ಮಾಡುವ ಕಹಿ ಪಾನಕ ಅದು, ಬಿಸಿಲಿಗೆ ಒಳ್ಳೆಯದು. ಅವಳಿಗೆ ಅವನನ್ನು ನೋಡಿ ಸಂತೋಷವಾಗಬೇಕಿತ್ತು. ಆಗಲಿಲ್ಲ, ಪಾಪ ಅನ್ನಿಸಿತು.

"ನಿನ್ನ ಮರ ನಾನು ಕಡಿಸಲಿಲ್ಲ ಡೊರಿಂಡಾ" ಎಂದ ಫಾರ್ನಮ್.

"ನಿಮ್ಮದಾಗಿತ್ತಲ್ಲ ದೊರೆ, ಯಾಕೆ ಕಡಿಸ್ತೀರಿ?"

ಅವನು ಲೋಟ ಕೆಳಗಿಟ್ಟ. ಅರ್ಥವಾದಾಗ ಮುಖ ಕೆಂಪಾಯಿತು, ಆಮೇಲೆ ಅವನೂ ನಕ್ಕುಬಿಟ್ಟ. "ಇಷ್ಟು ವರ್ಷ ನನ್ನ ಕೈಲೇ ಕಾವಲು ಕಾಯಿಸಿದೆಯಲ್ಲೇ!" ಎಂದ.

ಅಷ್ಟರಲ್ಲಿ ಹೊಸ ಕಾನೂನು ಬಂದಿತ್ತು. ವರ್ಷಗಟ್ಟಲೆ ತೋಟದ ನೆಲದಲ್ಲಿ ಮನೆ ಇಟ್ಟುಕೊಂಡವರು ತಮ್ಮ ಕಾಲ ಕೆಳಗಿನ ಜಾಗವನ್ನು ಅಗ್ಗಕ್ಕೆ ಕೊಳ್ಳಬಹುದಾಗಿತ್ತು. ಡೊರಿಂಡಮ್ಮನ ಸುಣ್ಣಕಲ್ಲಿನ ಜಾಗ ಅಷ್ಟು ಹೊತ್ತಿಗೆ ಚಿನ್ನವಾಗಿತ್ತು. ರಸ್ತೆಗೆ ಡಾಂಬರು ಬಿದ್ದು, ಬಾಗಿಲ ಮುಂದೆಯೇ ಬಸ್ಸು ನಿಲ್ಲುತ್ತಿತ್ತು. ವೆಲ್ಮಾ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬಸ್ಸಿಗೆ ಕಾಯುವವರೆಲ್ಲ ಅವಳ ಗಿರಾಕಿಗಳು. ಜಾಗ ಮಾರುವ ಏಜೆಂಟು ಬಂದು ಮನೆಯ ಸುತ್ತ ಗೂಟ ಬಡಿಯಲು ಹೊರಟಾಗ ಡೊರಿಂಡಮ್ಮ ತಡೆದಳು.

"ಇಲ್ಲಲ್ಲ. ನಂಗೆ ಆ ಮರದ ಜಾಗ ಬೇಕು."

ಏಜೆಂಟಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬಸ್‌ಸ್ಟಾಪಿನ ಮುಂದಿನ ಜಾಗ ಬಿಟ್ಟುಕೊಟ್ಟು ಹಸು ಕಟ್ಟುವ ಮೂಲೆ ಕೇಳುವ ಗಿರಾಕಿ ಅವನಿಗೆ ಕನಸಿನಲ್ಲೂ ಸಿಕ್ಕಿರಲಿಲ್ಲ. ಅವಳ ಮನಸ್ಸು ಬದಲಾಗುವ ಮುಂಚೆ ಎಂದು ಅಲ್ಲೇ ಒಪ್ಪಿಕೊಂಡ.

ವೆಲ್ಮಾ ಯಂತ್ರ ನಿಲ್ಲಿಸಿ ಎದ್ದು ಬಂದಳು. "ಅಮ್ಮಾ, ನಿಂಗೇನಾಗಿದೆ? ಅವತ್ತು ಆ ಮರಕ್ಕೋಸ್ಕರ ನನ್ನನ್ನ ಬಾಣಂತನದಲ್ಲಿ ಬೀದಿಗೆ ತಂದೆ. ಈಗ ಬೀದಿ ಅನ್ನ ಹಾಕ್ತಾ ಇದೆ, ಅದನ್ನೂ ಬಿಡಿಸ್ತೀಯಾ? ಕುಳಿತಲ್ಲಿಗೇ ನೆಲ ನಮ್ಮ ಹೆಸರಿಗೆ ಬರ್ತಿದೆ. ಎಲ್ರೂ ಹಲಗೆ ಕಿತ್ತು ಸಿಮೆಂಟಿನ ಮನೆ ಕಟ್ತಿದಾರೆ. ನೀನು ಇನ್ನೂ ಹೊತ್ಕೊಂಡು ತಿರುಗ್ತೀನಿ ಅಂತೀಯಲ್ಲ!"

"ಬಸ್ಸು ಎಲ್ಲೂ ಹೋಗಲ್ಲ ವೆಲ್ಮಾ. ನಿನ್ನ ಹೊಲಿಗೆ ಚೆನ್ನಾಗಿದ್ರೆ ಆ ಕಬ್ಬಿನ ಹೊಲ ದಾಟಿ ಬರ್ತಾರೆ."

"ಬರದಿದ್ರೆ?"

"ಬರದಿದ್ರೆ ನಂದೇ ತಪ್ಪು. ಬೈಕೋ."

ವೆಲ್ಮಾ ಬೈದಳು ಕೂಡ. ಎರಡು ವಾರ ತಾಯಿ ಮಗಳಿಗೆ ಮಾತಿಲ್ಲ. ಒರೀತಾ ನಡುವೆ ನಿಂತು ಉಪ್ಪು ಕೊಡು ಅಂತೆ, ಸಾರು ಬಡಿಸು ಅಂತೆ ಎಂದು ಸುದ್ದಿ ಸಾಗಿಸಿದಳು. ಡೊರಿಂಡಮ್ಮ ಹಟ ಬಿಡಲಿಲ್ಲ, ಆದರೆ ಒಳಗೊಳಗೇ ಕುಗ್ಗಿದ್ದಳು. ಮಗಳ ಅನ್ನವನ್ನು ಪಣಕ್ಕಿಡುವುದು ತನ್ನ ಮನೆಯನ್ನು ಪಣಕ್ಕಿಟ್ಟಷ್ಟು ಸುಲಭವಲ್ಲ. ಕೊನೆಗೆ, ಮನೆ ಎಬ್ಬಿಸುವ ಹಿಂದಿನ ಸಂಜೆ, ವೆಲ್ಮಾ ಯಂತ್ರಕ್ಕೆ ತಾನೇ ಗೋಣಿ ಸುತ್ತಿ ಹಗ್ಗ ಬಿಗಿದಳು.

"ಅವತ್ತು ಕಿತ್ತಾಕು ಅಂದಿದ್ದು ನಾನೇ" ಎಂದಳು, ತಾಯಿಯ ಕಡೆ ನೋಡದೆ. "ನೀನು ನನ್ನ ಮಾತು ಕೇಳಿದ್ರೆ ಇವತ್ತು ಅಲ್ಲಿ ಬರೀ ಹಸು ಇರ್ತಿತ್ತು."

"ಗಂಟು ಸಡಿಲ ಇದೆ, ಇನ್ನೊಂದು ಸುತ್ತು ಬಿಗಿ" ಎಂದಳು ಡೊರಿಂಡಮ್ಮ. ಅವಳಿಗೆ ಅಳು ಬಂದಿತ್ತು, ಆದರೆ ಅವಳು ಅಳುವುದು ಹಾಗೇ.

ಮರುದಿನ ಶನಿವಾರ. ನಮ್ಮ ಹಳ್ಳಿಯಲ್ಲಿ ಯಾರೂ ಮನೆ ಎಬ್ಬಿಸದೆ ಎಷ್ಟೋ ವರ್ಷವಾಗಿತ್ತು. ಎಳೆಯರು ನಾಟಕ ನೋಡಲು ಬಂದ ಹಾಗೆ ಬಂದರು, ಹಳಬರು ಹಗ್ಗ ಸನ್ನೆಕೋಲು ಎಲ್ಲಿಂದಲೋ ಹುಡುಕಿ ತಂದರು. ಗಾಡಿಯ ಬದಲು ಲಾರಿ. ಹೆಂಗಸರು ಮರದ ಹತ್ತಿರವೇ ಮಡಕೆ ಹೂಡಿ, ಹಾರುಮೀನು ಹುರಿದು ಜೋಳದ ಮುದ್ದೆ ತಿರುವುತ್ತಿದ್ದರು. ಮರ ಈಗ ಚರ್ಚಿನ ಮರಕ್ಕಿಂತ ಎತ್ತರವಾಗಿತ್ತು. ಒರೀತಾ ಅದರಿಂದ ಒಂದು ಕಾಯಿ ಕೆಡವಿ ಕೆಂಡಕ್ಕೆ ಹಾಕಿದ್ದಳು. ಅದನ್ನು ಯಾರೂ ಮುಟ್ಟಬಾರದೆಂದು ಕೋಲು ಹಿಡಿದು ಕಾಯುತ್ತಿದ್ದಳು.

ಒಥ್ನೀಲ್‌ಗೆ ವಯಸ್ಸಾಗಿತ್ತು. ಆದರೂ ಸುತ್ತಿಗೆಯನ್ನು ಬೇರೆಯವರಿಗೆ ಕೊಡಲು ಒಪ್ಪಿರಲಿಲ್ಲ. ಗೋಡೆಯ ಮೂಲೆಗಳಲ್ಲಿ ಅವನ ಅಪ್ಪ ಉಳಿಯಿಂದ ಹಾಕಿದ್ದ ಗುರುತುಗಳನ್ನು ಬೆರಳಿಂದ ತಡವಿ ನೋಡಿದ. ಆಮೇಲೆ ಟೋಪಿ ತೆಗೆದು, ಎದೆಗೆ ಹಿಡಿದುಕೊಂಡು, ಡೊರಿಂಡಮ್ಮನ ಮುಂದೆ ಬಂದು ನಿಂತ.

"ಎಬ್ಬಿಸಲಾ ತಾಯಿ?"

ಗದ್ದಲ ನಿಂತಿತು. ಉತ್ತರ ಎಲ್ಲರಿಗೂ ಬಾಯಿಪಾಠ. ಆ ಉತ್ತರ ಕೇಳುತ್ತಲೇ ಹುಟ್ಟಿ ಬೆಳೆದವರು ನಾವು. ಆದರೆ ಡೊರಿಂಡಮ್ಮನಿಗೆ ಹೇಳುವುದಕ್ಕೆ ಅವರು ಎಂಬವರು ಯಾರೂ ಉಳಿದಿರಲಿಲ್ಲ. ದೊರೆ ಹೋಗಿದ್ದ, ಒಡೆಯರು ಹೋಗಿದ್ದರು, ಏಳು ಎಂದವರು ಸುತ್ತಮುತ್ತ ಯಾರೂ ಇರಲಿಲ್ಲ. ಅವಳು ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡಳು.

"ಎಬ್ಬಿಸಪ್ಪ" ಎಂದಳು. "ನಾನು ಹೇಳ್ತಾ ಇದೀನಿ."

ಒಥ್ನೀಲ್ ಅಲ್ಲಾಡಲಿಲ್ಲ. ಟೋಪಿ ಇನ್ನೂ ಅವನ ಎದೆಯ ಮೇಲೇ ಇತ್ತು. "ಏನಂದೆ ಡೋರಿ? ವಯಸ್ಸಾಯ್ತು ನೋಡು, ಕಿವಿ ಸರಿಯಾಗಿ ಕೇಳಲ್ಲ. ಇನ್ನೊಂದ್ಸಲ ಹೇಳು."

ಅವನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಅದು ಊರಿಗೆಲ್ಲ ಗೊತ್ತು. ಡೊರಿಂಡಮ್ಮ ಇನ್ನೊಂದು ಸಲ ಹೇಳಿದಳು, ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡುವ ಹಾಗೆ.